ಅಣ್ಣನ ಮಗಳು ನನ್ನನ್ನು ಏನೆಂದು ಕರೆಯಬೇಕು: ಅತ್ತಿ, ಆತ್ಯಾ, ಮೌಶಿ?

ಪ್ರಶ್ನೆ: ಟಿಳಕವಾಡಿಯವಳು, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಕೇಳುವವರಿಗೆ ಸಣ್ಣದೆನಿಸಬಹುದಾದರೂ ಎರಡು ವಾರಗಳಿಂದ ನಮ್ಮ ಮನೆಯ ಊಟದ ಹೊತ್ತನ್ನೆಲ್ಲ ನುಂಗಿರುವ ಒಂದು ವಿಷಯವನ್ನು ಇಲ್ಲಿ ಮುಂದಿಡುತ್ತಿದ್ದೇನೆ. ನಮ್ಮ ತಂದೆ-ತಾಯಿ ಜಮಖಂಡಿಯ ಕಡೆಯವರು. ನಾವು ಮೂವರು ಮಕ್ಕಳು ಬೆಳೆದದ್ದು ಬೆಳಗಾವಿಯಲ್ಲಿ. ಅಕ್ಕನನ್ನು ವಿಜಯಪುರಕ್ಕೆ ಕೊಟ್ಟಿದ್ದಾರೆ. ಅವಳ ಮಕ್ಕಳಿಬ್ಬರೂ ನನ್ನನ್ನು ಮೌಶಿ ಎನ್ನುತ್ತಾರೆ, ಅದು ನನಗೆ ರೂಢಿಯಾಗಿದೆ, ಇಷ್ಟವೂ ಆಗಿದೆ. ಈಗ ಅಣ್ಣನಿಗೆ ಹೆಣ್ಣುಮಗು ಹುಟ್ಟಿದೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಬೆಳಗಾವಿಯವರೇ, ಮನೆಮಾತು ಮರಾಠಿ. ತೊಟ್ಟಿಲು ಕಾರ್ಯವನ್ನು ಮುಂದಿನ ರವಿವಾರ ಇಟ್ಟುಕೊಂಡಿದ್ದಾರೆ.

ಅವ್ವ ಹೇಳುವುದು, ತಂದೆಯ ತಂಗಿ ಎಂದ ಮೇಲೆ ಅತ್ತಿಯೇ ಸರಿ, ಇದರಲ್ಲಿ ಕೇಳುವುದೇನಿದೆ ಎಂದು. ವೈನಿಗೆ ಆತ್ಯಾ ಎಂಬುದು ಬಾಯಿಗೆ ಬರುತ್ತದೆ. ಅಣ್ಣನಂತೂ ಮೂರು ಮಕ್ಕಳಿಗೂ ಒಂದೇ ಕರೆ ಇದ್ದರೆ ಗೊಂದಲವಿರದು, ಮೌಶಿ ಎಂದೇ ಕರೆಯಲಿ ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡಿದ್ದಾನೆ. ನನ್ನ ತೊಡಕು ಬೇರೆ. ನನಗೆ 29 ವರ್ಷ, ಮದುವೆಯಾಗಿಲ್ಲ. ಅತ್ತಿ ಎಂದರೆ ಸೊಸೆಯ ಕೈಯಿಂದ ಬೀಗದ ಕೈಗೊಂಚಲು ಕಸಿದುಕೊಳ್ಳುವ ಧಾರಾವಾಹಿಯ ಹೆಂಗಸೇ ಕಣ್ಣಮುಂದೆ ಬರುತ್ತಾಳೆ. ಕಚೇರಿಯ ಗೆಳತಿಯರು ಆಂಟಿ ಎನ್ನಿಸಿಕೋ ಎಂದರು. ಸಂತೆಯಲ್ಲಿ ಗುರುತಿಲ್ಲದವರು ದಾರಿ ಬಿಡಲೆಂದು ಕೂಗುವ ಮಾತನ್ನು ಒಡಹುಟ್ಟಿದವನ ಮಗಳ ಬಾಯಿಂದ ಕೇಳಲು ನನಗೆ ಮನಸ್ಸಿಲ್ಲ.

ತಂದೆಯ ತಂಗಿಯನ್ನು ಮೌಶಿ ಎಂದು ಕರೆಯುವುದು ತಪ್ಪೇ? ಎಲ್ಲ ಮಕ್ಕಳೂ ಒಂದೇ ರೀತಿ ಕರೆಯಲೇಬೇಕೇ? ನಿಮ್ಮ ಮನೆಗಳಲ್ಲಿ ಏನು ಮಾಡಿದ್ದೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಶಿಕ್ಷಕ, ನವನಗರ, ಬಾಗಲಕೋಟೆ

ನಿಮ್ಮ ಅಣ್ಣನ ಸಲಹೆಯನ್ನು ಮೊದಲು ಬದಿಗಿಡಿ. ಮೌಶಿ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ಅಣ್ಣನ ಮಗಳು ನಿಮ್ಮನ್ನು ಹಾಗೆ ಕರೆದರೆ, ನಂಟಸ್ತಿಕೆಯ ಲೆಕ್ಕದಲ್ಲಿ ನಿಮ್ಮನ್ನು ವೈನಿಯ ತಂಗಿಯನ್ನಾಗಿಯೂ ಸ್ವಂತ ಅಣ್ಣನನ್ನು ನಿಮಗೆ ಭಾವನನ್ನಾಗಿಯೂ ಮಾಡಿದಂತಾಗುತ್ತದೆ. ನಗಬೇಡಿ, ನಮ್ಮ ಹಿರಿಯರು ಇದನ್ನು ತಮಾಷೆಯೆಂದು ಬಿಡುತ್ತಿರಲಿಲ್ಲ. ವೈನಿಗೆ ಅಕ್ಕತಂಗಿಯರಿದ್ದರೆ ಆ ಹೆಸರಿನ ಹಕ್ಕು ಅವರದು.

ನಮ್ಮ ಭಾಗದಲ್ಲಿ ಎರಡು ಬಗೆಯ ಲೆಕ್ಕಗಳು ಒಂದೇ ಮನೆಯಲ್ಲಿ ಬೆರೆತಿವೆ, ನಿಮ್ಮ ಮನೆಯ ಗೊಂದಲದ ಬೇರು ಅಲ್ಲಿದೆ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ತಂದೆಯ ಒಡಹುಟ್ಟಿದವಳೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ಅಥವಾ ಹೆಂಡತಿಯ ತಾಯಿಯೂ ಅತ್ತೆ. ತಮಿಳಿನ ಅತ್ತೈ, ತೆಲುಗಿನ ಅತ್ತ ಇದೇ ಮಾತಿನ ಒಡಹುಟ್ಟುಗಳು. ಮರಾಠಿಯಲ್ಲಿ ಈ ಮೂವರಿಗೆ ಮೂರು ಹೆಸರು: ಆತ್ಯಾ, ಮಾಮಿ, ಸಾಸೂ. ಇನ್ನೊಂದು ಬದಿಯಲ್ಲಿ, ತಾಯಿಯ ತಂಗಿ ಮತ್ತು ತಂದೆಯ ತಮ್ಮನ ಹೆಂಡತಿ ಇಬ್ಬರೂ ನಮಗೆ ಚಿಗವ್ವಂದಿರೇ. ಮರಾಠಿಯಲ್ಲಿ ಒಬ್ಬಳು ಮಾವಶಿ, ಇನ್ನೊಬ್ಬಳು ಕಾಕೂ. ಕನ್ನಡದ ಈ ಕೂಡಿಸುವಿಕೆ ಬಡತನವಲ್ಲ. ಚಿಗವ್ವನ ಮಕ್ಕಳು ಅಣ್ಣತಮ್ಮ, ಅಕ್ಕತಂಗಿಯರಾಗುತ್ತಾರೆ, ಅವರೊಡನೆ ಮದುವೆ ಎಂಬ ಮಾತೇ ಏಳುವುದಿಲ್ಲ. ಅತ್ತೆಯ ಮಕ್ಕಳೊಡನೆ ವರಸೆ ಕೂಡುತ್ತದೆ. ಅತ್ತೆಯ ಮಗನನ್ನೇ ಮದುವೆಯಾದವಳಿಗೆ ಅತ್ತೆ ಹೊಸದಾಗಿ ಅತ್ತೆಯಾಗಬೇಕಾಗಿರಲಿಲ್ಲ, ಹುಟ್ಟಿದಾಗಿನಿಂದ ಅವಳು ಅತ್ತೆಯೇ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ನಂಟಸ್ತಿಕೆಯ ದೃಷ್ಟಿಯಿಂದ ಕರ್ನಾಟಕವನ್ನು ದಕ್ಷಿಣದ ವಲಯದಲ್ಲಿಯೂ ಮಹಾರಾಷ್ಟ್ರವನ್ನು ಮಧ್ಯದ ವಲಯದಲ್ಲಿಯೂ ಇಟ್ಟರು. ಆ ಗೆರೆ ಬೆಳಗಾವಿಯ ಎಷ್ಟೋ ಮನೆಗಳ ಅಡುಗೆಮನೆಯ ನಡುವೆಯೇ ಹಾದುಹೋಗಿದೆ, ನಿಮ್ಮದೂ ಅವುಗಳಲ್ಲೊಂದು.

ಹಾಗಾದರೆ ಕನ್ನಡ ಮನೆಯಲ್ಲಿ ಬೆಳೆದ ನಿಮ್ಮ ಅಕ್ಕನ ಮಕ್ಕಳು ಚಿಗವ್ವ ಎನ್ನದೆ ಮೌಶಿ ಎನ್ನುವುದೇಕೆ? 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ನಿಮ್ಮ ಜಮಖಂಡಿಯಂತೂ 1948ರಲ್ಲಿ ವಿಲೀನವಾಗುವವರೆಗೆ ಪಟವರ್ಧನರ ಸಂಸ್ಥಾನವಾಗಿತ್ತು. ಕಾಕಾ, ಮೌಶಿ, ವೈನಿ ಎಂಬ ಮರಾಠಿ ಮಾತುಗಳು ನಮ್ಮ ಹಿರಿಯರ ಬಾಯಲ್ಲಿ ಕನ್ನಡವೇ ಆಗಿಹೋದವು. ಚಿಗವ್ವ ಹಿಂದೆ ಸರಿಯಲು ಇನ್ನೊಂದು ಕಾರಣವೂ ಇದ್ದಿರಬೇಕು ಎಂಬುದು ನನ್ನ ಊಹೆ: ಚಿಕ್ಕಮ್ಮ, ಚಿಗವ್ವ ಎಂಬುವಕ್ಕೆ ಮಲತಾಯಿ ಎಂಬ ನೆರಳಿದೆ, ಮೌಶಿಗೆ ಆ ನೆರಳಿಲ್ಲ.

ಇನ್ನು ಧಾರಾವಾಹಿಯ ಅತ್ತೆಯ ವಿಷಯ. ಆ ಹೆಂಗಸು ನಿಮ್ಮ ತಲೆಯಲ್ಲಿದ್ದಾಳೆಯೇ ಹೊರತು ಮಗುವಿನ ತಲೆಯಲ್ಲಿಲ್ಲ. ತೊಟ್ಟಿಲು ಕಾರ್ಯದಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಉಸುರುವವಳು ಸೋದರತ್ತೆ. ಕುಂಚಿಗೆ ತರುವವಳು ಅವಳು, ಹೆಸರು ಹೇಳಿದ ಕೂಡಲೇ ನೆರೆದ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ಗಂಡನ ತಾಯಿಗೆ ಈ ಅಧಿಕಾರವೂ ಇಲ್ಲ, ಈ ಗುದ್ದೂ ಇಲ್ಲ. ನನ್ನ ಮತ ಅತ್ತಿ ಎಂಬುದಕ್ಕೇ.

ಉತ್ತರ: ಮೂರು ಹೆಸರಿನವಳು, ವಿಜಯಪುರ

ಗುರುಗಳು ಹೇಳಿದ ಲೆಕ್ಕ ಸರಿ, ಆದರೆ ಲೆಕ್ಕದ ಪ್ರಕಾರ ಬದುಕುವ ಮನೆಗಳನ್ನು ನಾನು ಹೆಚ್ಚು ಕಂಡಿಲ್ಲ. ನನ್ನ ಅಕ್ಕನ ಮಗಳನ್ನೇ ನನ್ನ ತಮ್ಮನಿಗೆ ತಂದುಕೊಂಡಿದ್ದಾರೆ; ನಮ್ಮಲ್ಲಿ ಇದು ಹೊಸದಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮದುವೆಗೆ ಮುಂಚೆ ಆ ಹುಡುಗಿ ನನ್ನನ್ನು ಸಣ್ಣವ್ವ ಎನ್ನುತ್ತಿದ್ದಳು, ಮದುವೆಯಾದ ಮೇಲೂ ಹಾಗೆಯೇ ಎನ್ನುತ್ತಾಳೆ. ಅವಳ ಮಕ್ಕಳಿಗೆ ನಾನು ತಂದೆಯ ಅಕ್ಕನಾದ್ದರಿಂದ ಅತ್ತಿಯಾಗಬೇಕು, ತಾಯಿಯ ಸಣ್ಣವ್ವನಾದ್ದರಿಂದ ಆಯಿ, ಅಂದರೆ ಅಜ್ಜಿ, ಆಗಬೇಕು. ಎರಡೂ ಕಡೆಯ ಹಿರಿಯರು ಇದನ್ನು ಅರ್ಧ ದಿನ ಚರ್ಚಿಸಿದರು. ನನಗಾಗ ಮೂವತ್ತಾರು ವರ್ಷ, ಆಯಿ ಎನ್ನಿಸಿಕೊಳ್ಳುವುದಿಲ್ಲ ಎಂದು ನಾನೇ ಎದ್ದು ನಿಂತು ಹೇಳಿದ್ದರಿಂದ ಅತ್ತಿ ಎಂದು ನಿಂತಿತು.

ನಾನು ಕಂಡ ಮಟ್ಟಿಗೆ, ಮಗು ನಂಟಸ್ತಿಕೆಯ ಪಟ್ಟಿಯನ್ನು ನೋಡಿ ಕರೆಯುವುದಿಲ್ಲ, ಮನೆಯಲ್ಲಿ ಕಿವಿಗೆ ಬೀಳುವುದನ್ನು ಕರೆಯುತ್ತದೆ. ನಮ್ಮ ಓಣಿಯ ಒಂದು ಕೂಡುಕುಟುಂಬದಲ್ಲಿ ನಾಲ್ವರು ಮಕ್ಕಳು ಹೆತ್ತ ತಾಯಿಯನ್ನೇ ವೈನಿ ಎಂದು ಕರೆದು ದೊಡ್ಡವರಾದರು, ಏಕೆಂದರೆ ಮೂವರು ಕಾಕಾಗಳೂ ದಿನವಿಡೀ ವೈನಿ, ವೈನಿ ಎನ್ನುತ್ತಿದ್ದರು. ಅಜ್ಜಿಯನ್ನು ಅವ್ವ ಎನ್ನುತ್ತಿದ್ದರು, ಅದನ್ನು ಅಪ್ಪನಿಂದ ಕಲಿತದ್ದು. ಆ ತಾಯಿಗೆ ಅದರಿಂದ ನೋವಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ, ಕೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆದ್ದರಿಂದ ಯಾವುದನ್ನೇ ಆರಿಸಿ, ಆರಿಸಿದ್ದನ್ನು ಮನೆಯವರೆಲ್ಲರೂ ಮಗುವಿನ ಎದುರಿಗೆ ಆಡಬೇಕು. ನೀವು ಬಾಗಿಲಲ್ಲಿ ಕಾಣಿಸಿಕೊಂಡಾಗ ಅಣ್ಣ ನಿಮ್ಮ ಹೆಸರು ಹಿಡಿದು ಕೂಗಿದರೆ, ಒಂದೂವರೆ ವರ್ಷದ ಮಗುವೂ ನಿಮ್ಮ ಹೆಸರು ಹಿಡಿದೇ ಕೂಗುತ್ತದೆ. ಅತ್ತಿ ಬಂದಳು ನೋಡು ಎಂದರೆ ಅತ್ತಿ ಎನ್ನುತ್ತದೆ. ನೀವೂ ಅದರೊಡನೆ ಮಾತಾಡುವಾಗ ನಾನು ಎನ್ನುವ ಬದಲು ಅತ್ತಿ ಎತ್ತಿಕೊಳ್ಳುತ್ತಾಳೆ, ಅತ್ತಿ ಉಣ್ಣಿಸುತ್ತಾಳೆ ಎನ್ನಿ. ನಾಲಿಗೆಯ ದೃಷ್ಟಿಯಿಂದಲೂ ಅತ್ತಿ ಸುಲಭ: ತಕಾರದಂತಹ ಸದ್ದುಗಳು ಮಕ್ಕಳಿಗೆ ಬೇಗ ಹತ್ತುತ್ತವೆ, ಶಕಾರ ತಡವಾಗಿ ಬರುತ್ತದೆ. ನನ್ನ ತಂಗಿ ಮೂರು ವರ್ಷ ಮೌತಿಯಾಗಿಯೇ ಇದ್ದಳು.

ಉತ್ತರ: ಶಹಾಪುರದ ಓದುಗ, ಬೆಳಗಾವಿ

ಚಿಕ್ಕದಾಗಿ ಒಂದು ತಕರಾರು. ಗುರುಗಳು ವರಸೆಯ ಆಧಾರದ ಮೇಲೆ ಅತ್ತೆಯನ್ನು ಸಮರ್ಥಿಸಿದರು. ಇಂದು ಎಷ್ಟು ಮನೆಗಳಲ್ಲಿ ಅತ್ತೆಯ ಮಗನಿಗೆ ಹೆಣ್ಣು ಕೊಡುತ್ತಾರೆ? ನನ್ನ ಹೆಂಡತಿಯೂ ಮರಾಠಿ ಮನೆಯವಳು, ನಮ್ಮ ಮಕ್ಕಳಿಗೆ ನನ್ನ ತಂಗಿ ಆತ್ಯಾ. ಅದರಿಂದ ನನ್ನ ಕನ್ನಡಕ್ಕೆ ಕುಂದೇನೂ ಬಂದಿಲ್ಲ. ತಾಯಿಯ ಮಾತಿನಲ್ಲಿ ತಂದೆಯ ಕಡೆಯವರನ್ನು ಕರೆಯುವ ಮಗು ಎರಡೂ ಕಡೆಗೆ ಸೇರಿದ್ದೆಂದು ನನಗೆ ಕಾಣುತ್ತದೆ. ನಮ್ಮ ನೆರೆಮನೆಯವರಲ್ಲಿ ತಾಯಿಯ ತಂಗಿ ಖಾಲಾ, ತಂದೆಯ ತಂಗಿ ಫುಪ್ಪು. ನಮ್ಮ ಮಕ್ಕಳು ಆ ಮನೆಗೆ ಹೋದಾಗ ಅವರನ್ನು ಹಾಗೆಯೇ ಕರೆಯುತ್ತಾರೆ, ಯಾರೂ ಹೇಳಿಕೊಟ್ಟದ್ದಲ್ಲ.

ಉತ್ತರ: ನಿವೃತ್ತ ಶಿಕ್ಷಕ, ನವನಗರ, ಬಾಗಲಕೋಟೆ

ತಕರಾರನ್ನು ಒಪ್ಪುತ್ತೇನೆ, ಅರ್ಧದಷ್ಟು. ಮದುವೆಯ ರೂಢಿ ಸಡಿಲವಾದರೂ ಕರೆಯುವ ಮಾತು ಇನ್ನೊಂದು ಕೆಲಸವನ್ನು ಮಾಡುತ್ತಲೇ ಇರುತ್ತದೆ: ಎದುರಿಗಿರುವವಳು ಅಪ್ಪನ ಕಡೆಯವಳೋ ಅವ್ವನ ಕಡೆಯವಳೋ ಎಂಬುದನ್ನು ಮಗುವಿಗೆ ತಿಳಿಸುತ್ತದೆ. ಆತ್ಯಾ ಎಂಬುದೂ ಆ ಕೆಲಸವನ್ನು ಮಾಡುತ್ತದೆಯಾದ್ದರಿಂದ ಅದಕ್ಕೆ ನನ್ನ ವಿರೋಧವಿಲ್ಲ. ಮೌಶಿ ಮಾಡುವುದಿಲ್ಲ, ಆಂಟಿ ಮೊದಲೇ ಮಾಡುವುದಿಲ್ಲ. ಕೂಡಲಸಂಗಮಕ್ಕೆ ಹೋದಾಗಲೆಲ್ಲ ನನಗೆ ಅನ್ನಿಸುವುದುಂಟು, ಬಸವಣ್ಣನವರ ಅಕ್ಕ ನಮಗೆಲ್ಲರಿಗೂ ಅಕ್ಕನಾಗಮ್ಮನಾಗಿಯೇ ಉಳಿದಿದ್ದಾರೆ. ತಮ್ಮನ ಕಡೆಯಿಂದ ಬಂದ ಸಂಬಂಧದ ಮಾತು ಹೆಸರಿನೊಳಗೇ ಸೇರಿಹೋಗಿದೆ. ಮಗ ಚನ್ನಬಸವಣ್ಣನವರ ಕಡೆಯಿಂದ ಜನ ಅವರನ್ನು ನೆನೆದಿದ್ದರೆ ಆ ಹೆಸರು ಬೇರೆಯೇ ಆಗುತ್ತಿತ್ತು.

ಪ್ರತಿಕ್ರಿಯೆ: ಟಿಳಕವಾಡಿಯವಳು, ಬೆಳಗಾವಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಈ ಉತ್ತರಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ತಾನು ನನಗೆ ಭಾವನಾಗುವ ಭಾಗಕ್ಕೆ ಬಂದಾಗ ಅಣ್ಣ ತನ್ನ ಸಲಹೆಯನ್ನು ತಾನೇ ಹಿಂತೆಗೆದುಕೊಂಡ. ವೈನಿಗೆ ಇಬ್ಬರು ತಂಗಿಯರಿದ್ದಾರೆ, ಮೌಶಿ ಎಂಬುದನ್ನು ಅವರಿಗೆ ಬಿಟ್ಟುಕೊಟ್ಟಿದ್ದೇವೆ. ವಿಜಯಪುರದ ಮಕ್ಕಳಿಗೆ ನಾನು ಮೌಶಿಯಾಗಿಯೇ ಇರುತ್ತೇನೆ. ಪಂಚಮಿಗೆ ಮೂವರೂ ಒಂದೇ ಮನೆಯಲ್ಲಿ ಸೇರಿ ನನ್ನನ್ನು ಎರಡು ರೀತಿ ಕೂಗಿದರೆ ನಾನು ಎರಡಕ್ಕೂ ಓಗೊಡುತ್ತೇನೆ.

ಉಳಿದದ್ದು ಅತ್ತಿ ಮತ್ತು ಆತ್ಯಾ. ಅವ್ವ ಮತ್ತು ನಾನು ಅತ್ತಿ ಎಂದು ಆಡುವುದು, ವೈನಿ ಆತ್ಯಾ ಎಂದು ಆಡುವುದು, ಮಗುವಿನ ನಾಲಿಗೆಗೆ ಯಾವುದು ಹತ್ತುತ್ತದೋ ಅದನ್ನು ಉಳಿಸಿಕೊಳ್ಳುವುದು ಎಂದು ಮಾತಾಗಿದೆ. ಅಣ್ಣ ಯಾವುದನ್ನು ಆಡಬೇಕೆಂಬುದು ಮಾತ್ರ ತೀರ್ಮಾನವಾಗಿಲ್ಲ. ಸದ್ಯ ಅವನು ಮಗುವಿನ ಎದುರಿಗೆ ನನ್ನ ಅಡ್ಡಹೆಸರನ್ನು ಹಿಡಿದು ಕೂಗುತ್ತಿದ್ದಾನೆ, ಅದನ್ನು ನಿಲ್ಲಿಸುವುದು ಹೇಗೆ ಎಂಬುದು ನನ್ನ ಮುಂದಿನ ಪ್ರಶ್ನೆ.

ಉತ್ತರ: ಮೂರು ಹೆಸರಿನವಳು, ವಿಜಯಪುರ

ಅವನು ಹಾಗೆ ಕೂಗಿದಾಗ ತಿರುಗಿ ನೋಡಬೇಡಿ, ಎಂಟು ದಿನದಲ್ಲಿ ಸರಿಹೋಗುತ್ತದೆ. ರವಿವಾರ ಗುಗ್ಗರಿ ಹಂಚುವ ಮೊದಲು ದಪ್ಪನೆಯ ರವಿಕೆಯನ್ನೋ ಮಡಚಿದ ಶಾಲನ್ನೋ ಹಾಕಿಕೊಂಡು ಹೋಗಿ. ನಾನು ತೆಳ್ಳನೆಯ ರೇಶ್ಮೆ ರವಿಕೆಯಲ್ಲಿ ಹೋಗಿದ್ದೆ, ನಮ್ಮ ನೆಗೆಣ್ಣಿಯ ಕೈ ಎಷ್ಟು ಭಾರವೆಂಬುದು ಅಂದು ತಿಳಿಯಿತು.