ಗ್ಲುಕೋಸ್ ಸೆನ್ಸರ್: ಮಧ್ಯಾಹ್ನದ ಹೊತ್ತಿಗೆ ಕರೆಂಟ್ ಬಿದ್ದೇ ಹೋಗುತ್ತಿದೆ, ದಯವಿಟ್ಟು ನೋಡಿ

ಮಲ್ನಾಡ್_ಜೇನು: ತಲೆ ಕೆಟ್ಟುಹೋಗಿದೆ. ಸ್ಕ್ರೀನ್ ಪ್ರಿಂಟೆಡ್ ಕಾರ್ಬನ್ ಎಲೆಕ್ಟ್ರೋಡ್, ಮೇಲೆ ಪ್ರಶಿಯನ್ ಬ್ಲೂ ನ್ಯಾನೋಕಣ, ಅದರ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಎನ್ಜೈಮ್. ಎನ್ಜೈಮ್ ಗ್ಲುಕೋಸ್ ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಕೆಳಗಿನ ನೀಲಿ ಪದರ ಆ ಪೆರಾಕ್ಸೈಡನ್ನು ಕರೆಂಟ್ ಆಗಿ ಓದುತ್ತದೆ. ಬೆಳಿಗ್ಗೆ ಚೆನ್ನಾಗೇ ಓದುತ್ತದೆ. ಮಧ್ಯಾಹ್ನ ಅದೇ ಜೇನುತುಪ್ಪದ ಸ್ಯಾಂಪಲ್‌ಗೆ ಅರ್ಧದಷ್ಟು ಕರೆಂಟೂ ಬರುವುದಿಲ್ಲ. ಎನ್ಜೈಮ್ ಹೊಸದು. ಗೈಡ್‌ಗೆ ಏನು ತೋರಿಸಲಿ?

ಪಿಪೆಟ್_ರಾಣಿ: ಎನ್ಜೈಮ್ ತೊಳೆದುಹೋಗುತ್ತಿದೆ, ಅಷ್ಟೇ. ಬಿಎಸ್ಎ ಪ್ರೋಟೀನ್, ಅದನ್ನು ಎನ್ಜೈಮ್ ಜೊತೆ ಹೆಣೆಯುವ ಗ್ಲುಟರಾಲ್ಡಿಹೈಡ್ ಹಾಕಿ ಕಟ್ಟಿ.

ಮಲ್ನಾಡ್_ಜೇನು: ಎರಡೂ ಹಾಕಿದ್ದೇನೆ ಮೇಡಂ. ಮೇಲೆ ನ್ಯಾಫಿಯಾನ್ ಪಾಲಿಮರ್ ಪೊರೆ ಕೂಡ ಇದೆ.

ಪಿಪೆಟ್_ರಾಣಿ: ಹಾಗಾದರೆ ಗ್ಲುಟರಾಲ್ಡಿಹೈಡ್ ಜಾಸ್ತಿಯಾಗಿ ಎನ್ಜೈಮ್ ಸತ್ತಿದೆ. ಕಡಿಮೆ ಮಾಡಿ ನೋಡಿ.

ಬಯಲುಸೀಮೆ: ಸತ್ತಿದ್ದರೆ ಬೆಳಿಗ್ಗೆಯೂ ಓದಬಾರದಿತ್ತು, ಅಲ್ವಾ? ನನಗೆ ಅನುಮಾನ ಜೇನುತುಪ್ಪದ ಮೇಲೆ. ಆಸ್ಕಾರ್ಬಿಕ್ ಆಮ್ಲ, ಫೀನಾಲ್‌ಗಳು ಅಡ್ಡ ಬರುತ್ತಿರಬಹುದು.

ಪಿಪೆಟ್_ರಾಣಿ: ಅದು ಪ್ಲಾಟಿನಂ ಎಲೆಕ್ಟ್ರೋಡ್ ಕಥೆ. ಅಲ್ಲಿ 0.6 ವೋಲ್ಟ್ ಹಾಕುತ್ತೇವೆ, ಸಿಕ್ಕಿದ್ದೆಲ್ಲ ಆಕ್ಸಿಡೈಸ್ ಆಗುತ್ತದೆ. ಪ್ರಶಿಯನ್ ಬ್ಲೂ ಸೊನ್ನೆ ವೋಲ್ಟ್ ಹತ್ತಿರವೇ ಪೆರಾಕ್ಸೈಡ್ ಹಿಡಿಯುತ್ತದೆ. ಸುಮ್ನೆ ದಾರಿ ತಪ್ಪಿಸಬೇಡಿ.

ಬಯಲುಸೀಮೆ: ದಾರಿ ತಪ್ಪಿಸುತ್ತಿಲ್ಲ. ಜೇನುತುಪ್ಪದಲ್ಲೇ ಹುಳು ಸೇರಿಸಿದ ಗ್ಲುಕೋಸ್ ಆಕ್ಸಿಡೇಸ್ ಇರುತ್ತದೆ. ಎನ್ಜೈಮ್ ಹಾಕದ ಎಲೆಕ್ಟ್ರೋಡ್‌ನಲ್ಲಿ ಒಮ್ಮೆ ಓದಿ ನೋಡಲೇಬೇಕು. ನಾನು ಪೊಟೆನ್ಷಿಯೊಸ್ಟ್ಯಾಟ್ (ವೋಲ್ಟ್ ಹಾಕಿ ಕರೆಂಟ್ ಅಳೆಯುವ ಸಾಧನ) ಕೂಡ ಸ್ವಂತ ಬೋರ್ಡ್‌ನಲ್ಲಿ ಕಟ್ಟಿಕೊಂಡಿದ್ದೇನೆ. ನ್ಯಾನೋಆಂಪ್ ಮಟ್ಟದಲ್ಲೂ ಗೆರೆ ಅಲುಗಾಡುವುದಿಲ್ಲ. ಬೇಕಿದ್ದರೆ ಸರ್ಕ್ಯೂಟ್ ಹಾಕುತ್ತೇನೆ.

ಹಳೇ_ಲ್ಯಾಬ್: ಸರ್ಕ್ಯೂಟ್ ಆಮೇಲೆ. ಮಲ್ನಾಡ್ ಅವರೇ, ಗ್ಲುಕೋಸ್ ಬಿಡಿ, ನೇರವಾಗಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಅದೂ ಇಳಿದರೆ ಎನ್ಜೈಮ್‌ದು ತಪ್ಪಿಲ್ಲ. ಮತ್ತೆ, ಪಿಎಚ್ ಕಾಯುವ ಬಫರ್ ದ್ರಾವಣ ಯಾವುದು?

ಮಲ್ನಾಡ್_ಜೇನು: ಪೆರಾಕ್ಸೈಡ್‌ಗೂ ಇಳಿಯಿತು! ಬಫರ್ ಮಾಮೂಲಿ ಪಿಬಿಎಸ್ (ಉಪ್ಪು ಬೆರೆಸಿದ ಫಾಸ್ಫೇಟ್ ದ್ರಾವಣ), ಪಿಎಚ್ 7.4. ಇನ್ನೊಂದು ವಿಷಯ, ಎಲೆಕ್ಟ್ರೋಡ್‌ನ ನೀಲಿ ಅಂಚಿನಿಂದ ಮಾಸುತ್ತಾ ಬಂದು ಕೆಳಗಿನ ಕಾರ್ಬನ್ ಕಪ್ಪಗೆ ಕಾಣುತ್ತಿದೆ.

ಹಳೇ_ಲ್ಯಾಬ್: ಪದರವೇ ಕರಗುತ್ತಿದೆ. ಪಿಎಚ್ ಏರಿದಷ್ಟೂ ದ್ರಾವಣದಲ್ಲಿ ಹೈಡ್ರಾಕ್ಸೈಡ್ ಜಾಸ್ತಿ. ಹೈಡ್ರಾಕ್ಸೈಡ್‌ಗೆ ಪ್ರಶಿಯನ್ ಬ್ಲೂ ತಡೆಯುವುದಿಲ್ಲ, ಕಬ್ಬಿಣವನ್ನು ಕಿತ್ತುಕೊಂಡುಬಿಡುತ್ತದೆ. ಪೆರಾಕ್ಸೈಡ್ ರಿಡ್ಯೂಸ್ ಆದಾಗ ಅಲ್ಲೇ ಇನ್ನಷ್ಟು ಹೈಡ್ರಾಕ್ಸೈಡ್ ಹುಟ್ಟುತ್ತದೆ. ಅದಕ್ಕೇ ಓದಿದಷ್ಟೂ ಸವೆಯುತ್ತಿದೆ. ಸಾಲದ್ದಕ್ಕೆ ಪಿಬಿಎಸ್ ತುಂಬಾ ಸೋಡಿಯಂ. ಆ ಜಾಲರಿಯೊಳಗೆ ಪೊಟ್ಯಾಸಿಯಂ ಸಲೀಸಾಗಿ ಹೋಗಿ ಬರುತ್ತದೆ, ಸೋಡಿಯಂ ಹಾಗಲ್ಲ. ಪೊಟ್ಯಾಸಿಯಂ ಫಾಸ್ಫೇಟ್, 0.1 ಮೋಲಾರ್ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್), ಪಿಎಚ್ 6ರ ಆಸುಪಾಸು ಇಡಿ. ಈ ಎನ್ಜೈಮ್‌ಗೆ ಹುಳಿ ಕಡೆಯೇ ಇಷ್ಟ.

ಪಿಪೆಟ್_ರಾಣಿ: ಆದರೂ ಗ್ಲುಟರಾಲ್ಡಿಹೈಡ್ ಒಮ್ಮೆ ಪರೀಕ್ಷೆ ಮಾಡುವುದು ಒಳ್ಳೆಯದು.

ಮಲ್ನಾಡ್_ಜೇನು: ಹೊಸ ಎಲೆಕ್ಟ್ರೋಡ್, ಹೊಸ ಬಫರ್. ಸಂಜೆವರೆಗೂ ನೀಲಿ ಹಾಗೇ ಇದೆ, ಕರೆಂಟೂ ಇಳಿಯದೆ ಸ್ಥಿರವಾಗಿದೆ! ತುಂಬಾ ಥ್ಯಾಂಕ್ಸ್ ಸರ್. ಆದರೆ ಆಗಷ್ಟೇ ಕರಗಿಸಿದ ಗ್ಲುಕೋಸ್ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ) ಕಡಿಮೆ ತೋರಿಸುತ್ತದೆ, ಮರುದಿನ ಅದೇ ಬಾಟಲಿ ಜಾಸ್ತಿ ತೋರಿಸುತ್ತದೆ. ಇದು ಯಾಕೆ?

ಹಳೇ_ಲ್ಯಾಬ್: ಗ್ಲುಕೋಸ್‌ಗೆ ಆಲ್ಫಾ, ಬೀಟಾ ಎಂದು ಎರಡು ರೂಪ. ಈ ಎನ್ಜೈಮ್ ಹಿಡಿಯುವುದು ಬೀಟಾ ಗ್ಲುಕೋಸ್ ಮಾತ್ರ. ಪುಡಿಯಲ್ಲಿರುವುದು ಆಲ್ಫಾ. ನೀರಲ್ಲಿ ನಿಧಾನಕ್ಕೆ ಬದಲಾಗಿ ಸುಮಾರು 64 ಶೇಕಡಾ ಬೀಟಾ ಆಗಿ ನಿಲ್ಲುತ್ತದೆ. ಸ್ಟ್ಯಾಂಡರ್ಡ್ ಮಾಡಿ ಒಂದು ರಾತ್ರಿ ಬಿಟ್ಟು ಬಳಸಿ.

ಬಯಲುಸೀಮೆ: ಇದೇ ಎಲೆಕ್ಟ್ರೋಡ್‌ಗೆ ಕಬ್ಬಿನ ಹಾಲು ಹಾಕಿದರೆ?

ಹಳೇ_ಲ್ಯಾಬ್: ಅದರಲ್ಲಿ ಹೆಚ್ಚಿನದು ಸುಕ್ರೋಸ್. ಅದನ್ನು ಒಡೆದು ಗ್ಲುಕೋಸ್ ಬಿಡಿಸುವ ಇನ್ವರ್ಟೇಸ್ ಎನ್ಜೈಮ್ ಇಲ್ಲದೆ ಓದಲಾಗದು. ಅದಕ್ಕೆ ಬೇರೆ ಪೋಸ್ಟ್ ಹಾಕಿ.