ಏರಿನಲ್ಲಿ ಕಾರು ಹಿಂದಕ್ಕೆ ಜಾರಿ ಡಿಎಲ್ ಪರೀಕ್ಷೆ ಕೈತಪ್ಪಿತು: ಮುಂದೆ ಹೇಗೆ ಅಭ್ಯಾಸ ಮಾಡಬೇಕು?

ಪ್ರಶ್ನೆ: ಹನುಮಂತನಗರ ವಾಸಿ

ನಮಸ್ಕಾರ. ನನಗೆ 37 ವರ್ಷ. ನಮ್ಮ ಮನೆ ಇರುವುದು ಹನುಮಂತನಗರದಲ್ಲಿ, ಕುಮಾರಸ್ವಾಮಿ ದೇವಸ್ಥಾನದ ಗುಡ್ಡಕ್ಕೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ. ನಮ್ಮ ಗೇಟಿನಿಂದ ಕಾರು ಹೊರಗೆ ತೆಗೆದರೆ ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು. ಸಮತಟ್ಟಾದ ನೆಲ ಸಿಗುವುದು ಮುಖ್ಯರಸ್ತೆ ಸೇರಿದ ಮೇಲೆಯೇ. ಅತ್ತೆಯವರನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿದೆ. ಯಜಮಾನರ ಕೆಲಸದ ವೇಳೆಗೆ ಅದು ಹೊಂದುತ್ತಿಲ್ಲವಾದ್ದರಿಂದ ನಾನೇ ಕಾರು ಕಲಿಯಬೇಕೆಂದು ನಿರ್ಧರಿಸಿ ಎಲ್‌ಎಲ್ (ಕಲಿಯುವವರ ಪರವಾನಗಿ) ಮಾಡಿಸಿಕೊಂಡೆ, ಒಂದು ಡ್ರೈವಿಂಗ್ ಸ್ಕೂಲಿಗೂ ಸೇರಿದೆ. ದಿನಕ್ಕೆ ಅರ್ಧ ಗಂಟೆಯಂತೆ 20 ದಿನ ಕಲಿಸಿದರು. ಕಲಿತದ್ದೆಲ್ಲವೂ ಬಹುತೇಕ ಸಮತಟ್ಟಾದ ರಸ್ತೆಗಳಲ್ಲಿಯೇ.

ಕಳೆದ ವಾರ ಪರೀಕ್ಷೆ ಇತ್ತು. 8ರ ಆಕಾರದ ಪಥ, ರಿವರ್ಸ್, ಪಾರ್ಕಿಂಗ್ ಎಲ್ಲವೂ ಸುಸೂತ್ರವಾಗಿ ಮುಗಿದವು. ದಿಣ್ಣೆಯ ಮೇಲೆ ನಿಲ್ಲಿಸಿ ಮತ್ತೆ ಹೊರಡಬೇಕಾದಾಗ ಮಾತ್ರ ಮೊದಲ ಪ್ರಯತ್ನದಲ್ಲಿ ಕಾರು ಹಿಂದಕ್ಕೆ ಜಾರಿತು, ಎರಡನೆಯದರಲ್ಲಿ ಇಂಜಿನ್ ಆಫ್ ಆಯಿತು. ಅಲ್ಲಿಗೆ ಪರೀಕ್ಷೆ ಕೈತಪ್ಪಿತು. ಅಂದಿನಿಂದ ನಮ್ಮ ಬೀದಿಯ ಏರನ್ನು ನೋಡಿದರೂ ಕಾಲು ನಡುಗುತ್ತದೆ.

ದಿಣ್ಣೆಯಲ್ಲಿ ಹ್ಯಾಂಡ್‌ಬ್ರೇಕ್ ಬಳಸಿದರೆ ಅಂಕ ಕಳೆಯುತ್ತಾರೆಂದು ಸ್ಕೂಲಿನಲ್ಲಿ ಹೇಳಿದ್ದರಿಂದ ನಾನು ಅದನ್ನು ಮುಟ್ಟಲೇ ಇಲ್ಲ, ಇದು ನಿಜವೇ? ಮತ್ತೆ ಯಾವಾಗ ಪರೀಕ್ಷೆಗೆ ಹೋಗಬಹುದು? ಏರನ್ನು ಎಲ್ಲಿ, ಹೇಗೆ ಅಭ್ಯಾಸ ಮಾಡಬೇಕು? ಮನೆಯಲ್ಲಿರುವುದು ಗೇರಿನ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್.

ಉತ್ತರ 1: ನಿವೃತ್ತ ತರಬೇತುದಾರ, ಬನಶಂಕರಿ

ಸಹೋದರಿ, ಮೊದಲು ಹ್ಯಾಂಡ್‌ಬ್ರೇಕಿನ ವಿಷಯ ಹೇಳುತ್ತೇನೆ, ಏಕೆಂದರೆ ಈ ತಪ್ಪು ತಿಳಿವಳಿಕೆಯಿಂದ ಪರೀಕ್ಷೆ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಚಾಲನಾ ಪರೀಕ್ಷೆಯಲ್ಲಿ ಏನೇನು ನೋಡಬೇಕೆಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮವು ಒಂದೊಂದಾಗಿ ಹೇಳುತ್ತದೆ. ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನಾಗಲಿ ಅಥವಾ ಆಕ್ಸಿಲರೇಟರ್ ಮತ್ತು ಕಾಲಿನ ಬ್ರೇಕನ್ನಾಗಲಿ ಸರಿಯಾಗಿ ಬಳಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕೆಂಬುದು ಆ ಪಟ್ಟಿಯಲ್ಲಿಯೇ ಇದೆ. ಅಂದರೆ ಹ್ಯಾಂಡ್‌ಬ್ರೇಕನ್ನು ನಿಯಮವೇ ಹೆಸರಿಸಿ ಒಪ್ಪಿಕೊಂಡಿದೆ. ತಪ್ಪೆಂದು ಎಣಿಸುವುದು ಹಿಂದಕ್ಕೆ ಜಾರುವುದನ್ನು. ಕಂಬಗಳಲ್ಲಿ ಸೆನ್ಸರ್ ಮತ್ತು ಕ್ಯಾಮೆರಾ ಇರುವ ಸ್ವಯಂಚಾಲಿತ ಪಥದಲ್ಲಂತೂ ನಿಮ್ಮ ಕೈ ಎಲ್ಲಿದೆ ಎಂಬುದಕ್ಕಿಂತ ಚಕ್ರ ಎಲ್ಲಿಗೆ ಸರಿಯಿತು ಎಂಬುದೇ ದಾಖಲಾಗುತ್ತದೆ.

ಮತ್ತೆ ಪರೀಕ್ಷೆಗೆ ಹೋಗಲು 7 ದಿನ ಕಳೆದಿರಬೇಕು. ಮೂರು ಸಲ ಕೈತಪ್ಪಿದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ಎಲ್‌ಎಲ್ ಇರುವುದು 6 ತಿಂಗಳು ಮಾತ್ರ; ಆ ದಿನಾಂಕವನ್ನು ಒಮ್ಮೆ ನೋಡಿಕೊಂಡು, ಅದರೊಳಗೆ ಎರಡು ಅವಕಾಶಗಳಿಗೆ ಜಾಗವಿರುವಂತೆ ಸರ್ಕಾರದ ಪರವಾನಗಿ ಜಾಲತಾಣವಾದ ಸಾರಥಿ ಪೋರ್ಟಲಿನಲ್ಲಿ ಸ್ಲಾಟ್ ಹಿಡಿಯಿರಿ.

ಇನ್ನು ನಿಮ್ಮ ಕಾರು ಏಕೆ ಜಾರಿತು ಎಂಬ ಪ್ರಶ್ನೆ. ಡ್ರೈವಿಂಗ್ ಸ್ಕೂಲಿನ ಕಾರಿಗೆ ಜೋಡಿ ನಿಯಂತ್ರಣ ಇರಲೇಬೇಕೆಂಬುದು ನಿಯಮ. ಕಲಿಸುವವರ ಕಾಲಡಿಯಲ್ಲಿಯೂ ಪೆಡಲುಗಳಿರುತ್ತವೆ. ಅದು ಸುರಕ್ಷತೆಗೆ ಬೇಕೇ ಬೇಕು. ಆದರೆ ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರಿಗೆ ಕಲಿಸುವವರು, ಹಿಂದಿನಿಂದ ಬಸ್ಸು ಹಾರನ್ ಹಾಕಿದಾಗ, ಕಲಿಯುವವರಿಗಿಂತ ಮೊದಲೇ ತಾವೇ ಬ್ರೇಕ್ ಹಿಡಿದು ಕ್ಲಚ್ಚನ್ನೂ ಸರಿಮಾಡಿಬಿಡುತ್ತಾರೆ. ಕಾರು ಸಲೀಸಾಗಿ ಹೊರಟಾಗ ಅದು ತನ್ನ ಕಾಲಿನ ಕೆಲಸವೆಂದು ಕಲಿಯುವವರು ನಂಬುತ್ತಾರೆ. ನಾನೂ ಹಲವು ವರ್ಷ ಹೀಗೆಯೇ ಮಾಡಿದ್ದೇನೆ. ಅದು ವಿದ್ಯಾರ್ಥಿಗೆ ಮಾಡುವ ಉಪಕಾರವಲ್ಲ ಎಂದು ತಿಳಿದ ಮೇಲೆ, ಕೊನೆಯ ಐದು ತರಗತಿಗಳಲ್ಲಿ ಎರಡೂ ಕಾಲುಗಳನ್ನು ಸೀಟಿನ ಕಡೆಗೆ ಎಳೆದುಕೊಂಡು ಕೂರುವ ಅಭ್ಯಾಸ ಮಾಡಿಕೊಂಡೆ. ನಿಮ್ಮ ಕಾಲಿಗೆ ಹಾಫ್ ಕ್ಲಚ್, ಅಂದರೆ ಕ್ಲಚ್ಚನ್ನು ಅರ್ಧ ಬಿಟ್ಟು ಹಿಡಿಯುವ ಬಿಂದು, ಇನ್ನೂ ಪರಿಚಯವಾಗಿಲ್ಲ, ಅಷ್ಟೇ. ಇದನ್ನು ಧೈರ್ಯದ ಕೊರತೆಯೆಂದು ದಯವಿಟ್ಟು ತಿಳಿಯಬೇಡಿ.

ಪರಿಚಯ ಮಾಡಿಕೊಳ್ಳುವ ಕ್ರಮ ಹೀಗಿದೆ. ಮೊದಲು ಸಮತಟ್ಟಾದ ಖಾಲಿ ಜಾಗದಲ್ಲಿ, ಆಕ್ಸಿಲರೇಟರನ್ನು ಮುಟ್ಟದೆ, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಮಾತ್ರ ಮೆಲ್ಲಗೆ ಬಿಡುತ್ತಾ ಕಾರನ್ನು ತೆವಳಿಸಿ. ಇಂಜಿನ್ನಿನ ಸದ್ದು ಒಂದಿಷ್ಟು ತಗ್ಗಿ, ಬಾನೆಟ್ಟಿನ ಮೂಗು ತುಸು ಮೇಲೆದ್ದಂತಾಗುವ ಬಿಂದುವೊಂದಿದೆ. ಅಲ್ಲಿ ಕಾಲನ್ನು ಮೂರು ಎಣಿಸುವವರೆಗೆ ಅಲುಗಾಡಿಸದೆ ಹಿಡಿಯಿರಿ. ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡರೆ ಹಿಡಿತ ನಿಲ್ಲುತ್ತದೆ; ಇಡೀ ಕಾಲನ್ನು ಎತ್ತಿ ಹಿಡಿಯುವವರಿಗೆ ಮೂರನೆಯ ಸಲವೇ ಮೀನಖಂಡ ಸೋತು ನಡುಕ ಬರುತ್ತದೆ. ನಿಮ್ಮ ನಡುಕಕ್ಕೂ ಇದೇ ಕಾರಣವಿರಬಹುದು. ಇದು ಐವತ್ತು ಸಲವಾದರೂ ಆಗಬೇಕು. ಆಮೇಲೆ ಸಣ್ಣ ಏರಿಗೆ ಹೋಗಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ, ಅದೇ ಬಿಂದುವಿಗೆ ಕ್ಲಚ್ ತಂದು, ಕಾರು ಮುಂದಕ್ಕೆ ಹೋಗಲು ಹವಣಿಸುತ್ತಿದೆ ಎಂದು ಖಚಿತವಾದ ಮೇಲೆಯೇ ಹ್ಯಾಂಡ್‌ಬ್ರೇಕ್ ಇಳಿಸಿ. ಹಿಂದಿನ ಚಕ್ರದ ಪಕ್ಕ ರಸ್ತೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮನೆಯವರೊಬ್ಬರನ್ನು ಬದಿಯಲ್ಲಿ ದೂರ ನಿಲ್ಲಿಸಿ ನೋಡಲು ಹೇಳಿದರೆ, ಜಾರಿತೋ ಇಲ್ಲವೋ ಎಂಬ ವಾದವೇ ಉಳಿಯುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕ್ಲಚ್ಚಿಗೆ ವಿಶ್ರಾಂತಿ ಕೊಡಿ. ಸುಟ್ಟ ವಾಸನೆ ಬಂದರೆ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು.

ಜಾಗ ಎಲ್ಲಿ ಎಂದು ಕೇಳಿದ್ದೀರಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬಗಳ ಮೇಲೆ ನಿಂತಿದ್ದು, ದಿಬ್ಬಗಳ ನಡುವಿನ ತಗ್ಗುಗಳಿಗೆ ಏರಿ ಕಟ್ಟಿಯೇ ಹಿಂದಿನವರು ಕೆರೆಗಳನ್ನು ಮಾಡಿದರು. ಆದ್ದರಿಂದ ಯಾವುದೇ ಬಡಾವಣೆಯಲ್ಲಿ ಕೆರೆಯ ಕಡೆಗೆ ಇಳಿಯುವ ರಸ್ತೆಗಳನ್ನು ಹುಡುಕಿದರೆ ಹಿತವಾದ ಏರು ಸಿಗುತ್ತದೆ. ನಿಮಗಾದರೆ ಕೆಂಪಾಂಬುಧಿ ಕೆರೆಯ ಸುತ್ತಮುತ್ತ ಭಾನುವಾರ ಬೆಳಗಿನ ಜಾವ ಇಂಥ ರಸ್ತೆಯೊಂದು ಸಿಕ್ಕೀತು. ಫ್ಲೈಓವರಿನ ಏರಿನಲ್ಲಿ ಮಾತ್ರ ಅಭ್ಯಾಸಕ್ಕೆಂದು ಎಂದಿಗೂ ನಿಲ್ಲಿಸಬೇಡಿ. ಪಕ್ಕದಲ್ಲಿ ಡಿಎಲ್ ಇರುವವರು ಕೂತಿರಬೇಕು, ಹಿಂದೆ ಮುಂದೆ ಕೆಂಪು ಎಲ್ ಫಲಕ ಇರಬೇಕು.

ಉತ್ತರ 2: ಕರಾವಳಿಯವಳು, ಈಗ ವಿಜಯನಗರ

ನಾನು ಕಾರು ಕಲಿತದ್ದು ಮಂಗಳೂರಿನಲ್ಲಿ. ಅಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಕದ್ರಿ, ಬಾವುಟಗುಡ್ಡೆ ಎಂದು ಗುಡ್ಡಗಳ ಸಾಲು. ಏರಿಲ್ಲದ ರಸ್ತೆಯಲ್ಲಿ ಕಲಿಯುತ್ತೇನೆಂದರೆ ಪಣಂಬೂರಿನ ಕಡೆಗೇ ಹೋಗಬೇಕಿತ್ತು. ಅದರಿಂದ ನನಗಾದ ದೊಡ್ಡ ಅನುಕೂಲವೆಂದರೆ, ಎರಡನೆಯ ದಿನವೇ ಬಾವುಟಗುಡ್ಡೆಯ ಏರಿನಲ್ಲಿ, ಮುಂದೆ ನಿಂತ ಸಿಟಿ ಬಸ್ಸಿನ ಹಿಂದೆ ಕಾರು ನಿಲ್ಲಿಸಿ ಹೊರಡಬೇಕಾಯಿತು. ಏರು ಎಂಬುದು ಬೇರೆಯೇ ಪಾಠವೆಂದು ನಮಗೆ ಯಾರೂ ಹೇಳಿಕೊಡಲಿಲ್ಲ.

ಮೇಲಿನ ಹಿರಿಯರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ಕೆಂಪು ಮಣ್ಣು ಹರಿದುಬಂದ ರಸ್ತೆಯಲ್ಲಿ, ಅಥವಾ ಸೋಮೇಶ್ವರದಂಥ ಕಡಲತೀರದ ಬದಿಯಲ್ಲಿ ಗಾಳಿಗೆ ಮರಳು ಬಂದು ಕೂತ ಏರಿನಲ್ಲಿ, ಆಕ್ಸಿಲರೇಟರನ್ನು ಹೆಚ್ಚು ಒತ್ತಿದಷ್ಟೂ ಚಕ್ರ ಸುತ್ತುತ್ತದೆಯೇ ಹೊರತು ಕಾರು ಏರುವುದಿಲ್ಲ. ಬೆಂಗಳೂರಿನಲ್ಲಿ ಮರಳಿನ ಬದಲು ಕಾಮಗಾರಿಯ ಜಲ್ಲಿಪುಡಿ ಇರುತ್ತದೆ, ಪರಿಣಾಮ ಮಾತ್ರ ಒಂದೇ. ಜಾರುತ್ತಿದೆ ಎಂದು ಗಾಬರಿಯಾದಾಗ ಬಲಗಾಲನ್ನು ಜೋರಾಗಿ ಒತ್ತುವ ಅಭ್ಯಾಸ ಬೆಳೆಸಿಕೊಳ್ಳಬೇಡಿ. ಬ್ರೇಕ್ ಹಿಡಿದು, ಕ್ಲಚ್ ಒತ್ತಿ, ಮೊದಲಿನಿಂದ ಶುರುಮಾಡಿ.

ಇನ್ನೊಂದು, ಇಳಿಯುವುದನ್ನೂ ಏರುವಷ್ಟೇ ಶ್ರದ್ಧೆಯಿಂದ ಕಲಿಯಿರಿ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆಂದು ಹೇಳುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ. ಸೆಕೆಂಡ್ ಗೇರಿನಲ್ಲಿ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಅಗಲ ಸಾಲದ ಇಳಿಜಾರಿನಲ್ಲಿ ಎದುರಿನಿಂದ ಏರಿ ಬರುತ್ತಿರುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮವನ್ನು ಎಲ್‌ಎಲ್ ಪರೀಕ್ಷೆಗೆ ಓದಿದ್ದೀರಿ. ನಿಮ್ಮ ಅಡ್ಡರಸ್ತೆಯಲ್ಲಿ ಅದು ದಿನವೂ ಬಳಕೆಗೆ ಬರುತ್ತದೆ. ಮನೆಯ ಮುಂದೆ ನಿಲ್ಲಿಸುವಾಗ ಮುಖ ಏರಿನ ಕಡೆಗಿದ್ದರೆ ಫಸ್ಟ್ ಗೇರ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರ್ ಹಾಕಿ, ಚಕ್ರಕ್ಕೊಂದು ಕಲ್ಲು ಕೊಡಿ. ಹೊರಡುವ ಮುನ್ನ ಕಲ್ಲು ತೆಗೆದು ರಸ್ತೆಯ ಬದಿಗೆ ಇಡುವುದನ್ನು ಮರೆಯಬೇಡಿ, ರಾತ್ರಿ ಬರುವ ದ್ವಿಚಕ್ರ ಸವಾರರಿಗೆ ಅದು ಅಪಾಯ.

ಉತ್ತರ 3: ಮಲ್ಲೇಶ್ವರದಿಂದ

ಇಷ್ಟು ಕಷ್ಟಪಡುವ ಬದಲು ಆಟೋಮ್ಯಾಟಿಕ್ ಕಾರಿನಲ್ಲಿಯೇ ಪರೀಕ್ಷೆ ಕೊಡಬಹುದಲ್ಲವೇ? ನಮ್ಮ ದೇಶದಲ್ಲಿ ಕಾರಿನ ಡಿಎಲ್ ಎಲ್‌ಎಂವಿ (ಲಘು ಮೋಟಾರು ವಾಹನ) ಎಂಬ ಒಂದೇ ವರ್ಗದ್ದು. ಗೇರು ಇರುವುದು, ಇಲ್ಲದ್ದು ಎಂಬ ಭೇದ ದ್ವಿಚಕ್ರ ವಾಹನಕ್ಕೆ ಮಾತ್ರ. ನನ್ನ ತಂಗಿ ಆಟೋಮ್ಯಾಟಿಕ್‌ನಲ್ಲಿಯೇ ಕಲಿತು ಇಂದು ನಿಶ್ಚಿಂತೆಯಿಂದ ಓಡಿಸುತ್ತಿದ್ದಾಳೆ.

ಉತ್ತರ 4: ನಿವೃತ್ತ ತರಬೇತುದಾರ, ಬನಶಂಕರಿ

ಮಲ್ಲೇಶ್ವರದವರು ಹೇಳಿದ್ದು ಕಾನೂನಿನ ದೃಷ್ಟಿಯಿಂದ ಸರಿ, ಮಂಡಿನೋವು ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಈ ಸಹೋದರಿಯ ಮನೆಯಲ್ಲಿರುವುದು ಗೇರಿನ ಕಾರು. ಡಿಎಲ್ ಬಂದ ಮರುದಿನ ವಯಸ್ಸಾದವರನ್ನು ಕೂರಿಸಿಕೊಂಡು ಅದೇ ಏರನ್ನು ಅದೇ ಕಾರಿನಲ್ಲಿ ಹತ್ತಬೇಕಾಗಿರುವಾಗ, ಬೇರೆ ಕಾರಿನಲ್ಲಿ ಪಾಸಾಗುವುದರಿಂದ ಕಾಗದ ಸಿಗುತ್ತದೆ, ಅಭ್ಯಾಸ ಸಿಗುವುದಿಲ್ಲ. ಜೊತೆಗೆ, ಕಡಿಮೆ ಬೆಲೆಯ ಆಟೋಮ್ಯಾಟಿಕ್‌ಗಳಲ್ಲಿ ಬಹಳಷ್ಟು ಎಎಂಟಿಗಳು, ಅಂದರೆ ಸಾಮಾನ್ಯ ಗೇರ್‌ಬಾಕ್ಸಿನ ಕ್ಲಚ್ಚು, ಗೇರುಗಳನ್ನು ಯಂತ್ರವೇ ನಡೆಸುವಂಥವು. ಅವುಗಳ ಒಳಗಿರುವುದೂ ಕ್ಲಚ್ಚೇ ಆದ್ದರಿಂದ, ಹಿಲ್ ಹೋಲ್ಡ್ (ಏರಿನಲ್ಲಿ ಬ್ರೇಕನ್ನು ತಾನೇ ಹಿಡಿದಿಡುವ) ಸೌಲಭ್ಯ ಇಲ್ಲದ ಕಾರು ಬ್ರೇಕ್ ಬಿಟ್ಟೊಡನೆ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ. ಹಿಲ್ ಹೋಲ್ಡ್ ಇದ್ದರೂ ಅದು ಹಿಡಿದಿಡುವುದು ಒಂದೆರಡು ಸೆಕೆಂಡ್ ಮಾತ್ರ.

ಸಹೋದರಿ, ಮೊದಲೇ ಹೇಳಬೇಕಾಗಿದ್ದ ಒಂದು ಮಾತು ಬಿಟ್ಟುಹೋಯಿತು. ಅಭ್ಯಾಸಕ್ಕೆ ಮುನ್ನ ನಿಮ್ಮ ಕಾರಿನ ಹ್ಯಾಂಡ್‌ಬ್ರೇಕನ್ನು ಪರೀಕ್ಷಿಸಿಕೊಳ್ಳಿ. ಹಳೆಯ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಹೋಗುವ ಕೇಬಲ್ ಸಡಿಲವಾಗಿರುತ್ತದೆ. ಪೂರ್ತಿ ಮೇಲಕ್ಕೆ ಎಳೆದರೂ ನಿಮ್ಮ ಬೀದಿಯಲ್ಲಿ ಕಾರು ನಿಲ್ಲದಿದ್ದರೆ ಗ್ಯಾರೇಜಿನಲ್ಲಿ ಬಿಗಿ ಮಾಡಿಸಿ.

ಹನುಮಂತನಗರ ವಾಸಿ (ಎರಡು ವಾರದ ನಂತರ)

ನಿಮ್ಮೆಲ್ಲರಿಗೂ ಹೃದಯಪೂರ್ವಕ ವಂದನೆಗಳು. ಹ್ಯಾಂಡ್‌ಬ್ರೇಕ್ ಸಡಿಲವಾಗಿಯೇ ಇತ್ತು. ಗ್ಯಾರೇಜಿನವರು ಬಿಗಿ ಮಾಡಿ, ಹಿಂದಿನ ಬ್ರೇಕ್ ಶೂ ಸವೆದಿದ್ದನ್ನು ಕಂಡು ಅದನ್ನೂ ಬದಲಾಯಿಸಿದರು. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಭಾನುವಾರ, ನಡುವೆ ನಾಲ್ಕು ದಿನ, ಬೆಳಗ್ಗೆ ಐದೂವರೆಯಿಂದ ಅಭ್ಯಾಸ ಮಾಡಿದೆ. ಮೊದಲ ದಿನ ಸೀಮೆಸುಣ್ಣದ ಗೆರೆಯಿಂದ ಒಂದು ಮೊಳದಷ್ಟು ಹಿಂದಕ್ಕೆ ಹೋಗುತ್ತಿದ್ದ ಚಕ್ರ, ನಿನ್ನೆ ಸತತವಾಗಿ ಹದಿನೈದು ಸಲ ಗೆರೆಯನ್ನು ಬಿಟ್ಟು ಹಿಂದಕ್ಕೆ ಕದಲಲಿಲ್ಲ. ಹಿಮ್ಮಡಿ ಊರಿದ ಮೇಲೆ ನಡುಕವೂ ನಿಂತಿದೆ. ಗುರುವಾರಕ್ಕೆ ಸ್ಲಾಟ್ ಸಿಕ್ಕಿದೆ. ಈ ಸಲ ನಮ್ಮ ಕಾರಿನಲ್ಲಿಯೇ ಹೋಗಬೇಕೆಂದಿದ್ದೇನೆ. ಸ್ಕೂಲಿನ ಕಾರಿನಲ್ಲಿ ಹೋದಾಗ ಕಾಗದಪತ್ರಗಳನ್ನು ಅವರೇ ನೋಡಿಕೊಂಡಿದ್ದರು. ಈಗ ನಾನು ಏನೇನು ಒಯ್ಯಬೇಕು?

ಉತ್ತರ 5: ಕರಾವಳಿಯವಳು, ಈಗ ವಿಜಯನಗರ

ಮೂಲ ಎಲ್‌ಎಲ್, ಸ್ಲಾಟಿನ ಮುದ್ರಿತ ಪ್ರತಿ, ಆಧಾರ್. ಕಾರಿನ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರ. ಹೊಗೆ ಪ್ರಮಾಣಪತ್ರದ ದಿನಾಂಕವನ್ನು ಇಂದೇ ನೋಡಿಬಿಡಿ, ಬಹಳ ಜನ ಮರೆಯುವುದು ಅದನ್ನೇ. ಎಲ್ ಫಲಕವನ್ನು ಹಿಂದೆ ಮುಂದೆ ಎರಡೂ ಕಡೆ ಅಂಟಿಸಿರಿ. ಬೆಳಗ್ಗೆ ಪರೀಕ್ಷೆಗೆ ಹೋಗುವ ದಾರಿಯಲ್ಲಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓಡಿಸಿ. ಸರದಿಯಲ್ಲಿ ನಿಲ್ಲುವ ಹೊತ್ತಿಗೆ ಎಡಗಾಲಿಗೆ ಆ ದಿನದ ಕ್ಲಚ್ ಪರಿಚಯವಾಗಿರುತ್ತದೆ.