ಸ್ಕಾಲರ್‌ಶಿಪ್ ಬಾರದೆ ಓದು ಬಿಡುವ ಮಕ್ಕಳಿಗೆ ಕಾಲೇಜು ಏನು ಮಾಡಬಹುದು?

ಪ್ರಶ್ನೆ: ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿಯೂ ಹಣ ಬಾರದೆ ಬಡ ಮಕ್ಕಳು ಎರಡನೇ ಸೆಮಿಸ್ಟರ್‌ಗೇ ಕೂಲಿಗೆ ಹೊರಡುತ್ತಾರೆ. ಎಲ್ಲಿ ತಪ್ಪುತ್ತಿದೆ? ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಏನು ಸಿಗಬೇಕು?

ಉತ್ತರ 1: ಮೊದಲು ಬ್ಯಾಂಕ್ ಖಾತೆ ನೋಡಿ. ಆಧಾರ್ ಜೆರಾಕ್ಸ್ ಕೊಟ್ಟರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ ಆಧಾರ್ ಜೊತೆ ದಾಖಲಾಗಿರಬೇಕು. ಅದು ಕೊನೆಯದಾಗಿ ಸೀಡ್ ಆದ (ಆಧಾರ್‌ಗೆ ಜೋಡಣೆಯಾದ) ಬ್ಯಾಂಕನ್ನಷ್ಟೇ ಗುರುತಿಸುತ್ತದೆ. ಹಣ ಹೊಸ ಖಾತೆಗೆ ಬಿದ್ದಿರುತ್ತದೆ, ಹುಡುಗಿ ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾ ಕಾಯುತ್ತಿರುತ್ತಾಳೆ. ಮೈಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಯಾವ ಬ್ಯಾಂಕ್ ಎಂದು ಗೊತ್ತಾಗುತ್ತದೆ. ಇನ್ನೊಂದು ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದು ಆಧಾರ್‌ನಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳಬಹುದು. ಅಡ್ಮಿಷನ್ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜಾತಿ-ಆದಾಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನೂ (ಆ ಪತ್ರದ ಗುರುತಿನ ಸಂಖ್ಯೆ), ಅವಧಿಯನ್ನೂ ಆಗಲೇ ಪರಿಶೀಲಿಸಿ.

ಉತ್ತರ 2: ಇ-ದೃಢೀಕರಣ, ಅಂದರೆ ವಿದ್ಯಾರ್ಥಿಯ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸಿ ಒಪ್ಪುವುದು, ಕಾಲೇಜಿನ ಹೊಣೆ ಎಂಬುದನ್ನು ಮರೆಯಬೇಡಿ. ಅದನ್ನು ಮಾಡುವ ಅಧಿಕಾರಿ ವರ್ಗವಾದಾಗ ಲಾಗಿನ್ ಹಸ್ತಾಂತರವಾಗದೆ ಇಡೀ ತರಗತಿಯ ದಾಖಲೆಗಳು ಬಾಕಿ ಉಳಿಯುತ್ತವೆ. ಶಿಕ್ಷೆ ಅನುಭವಿಸುವುದು ಮಕ್ಕಳು. ಹಣ ಬರುವ ತನಕ ಹಾಲ್ ಟಿಕೆಟ್ ತಡೆಹಿಡಿಯಬೇಡಿ, ದಯವಿಟ್ಟು.

ಉತ್ತರ 3: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇರುವವರಿಗೆ ಕನಿಷ್ಠ ಶೇ. 5 ಸೀಟು ಮೀಸಲು. ಲಿಪಿಕಾರರ (ಹೇಳಿದ ಉತ್ತರವನ್ನು ಬರೆದುಕೊಡುವವರ) ನೆರವಿಗೆ ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಪರೀಕ್ಷೆಯ ಬೆಳಿಗ್ಗೆ ಕೇಳಿದರೆ ಲಿಪಿಕಾರರು ಸಿಗುವುದಿಲ್ಲ, ಪರೀಕ್ಷಾ ಅರ್ಜಿಯ ಜೊತೆಗೇ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಪ್ರತಿ ಲಗತ್ತಿಸಿ ಕೋರಿಕೆ ಕಳಿಸಿ. ಕೊಠಡಿ ನೆಲಮಹಡಿಯಲ್ಲೇ ಇರಲಿ. ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.